ಹಳೆಯ ಜಪಾನಿ ಪುಸ್ತಕ ಯಾವ ಊರಿನದು? ಎಡೋ ಕಾಲದ ಮರದಚ್ಚಿನ ಪ್ರತಿಯನ್ನು ಗುರುತಿಸುವ ಕ್ರಮ

ಎಡೋ ಕಾಲದ (1603–1868) ಜಪಾನಿ ಪುಸ್ತಕವೊಂದು ನಿಮ್ಮ ಮುಂದಿದೆ, ಅಥವಾ ಗ್ರಂಥಾಲಯದ ಜಾಲತಾಣದಲ್ಲಿ ಅದರ ಪುಟಗಳ ಚಿತ್ರ ತೆರೆದಿದೆ ಎನ್ನೋಣ. ಕೊನೆಯ ಪುಟದಲ್ಲಿ ಒಂದು ಇಸವಿ, ಅದರ ಪಕ್ಕಕ್ಕೆ ಐದಾರು ಅಂಗಡಿಗಳ ಹೆಸರು. ಹೊಸಬರು ಆ ಇಸವಿಯನ್ನೂ ಸಾಲಿನ ಮೊದಲ ಹೆಸರನ್ನೂ ಬರೆದುಕೊಂಡು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಎರಡೂ ತಪ್ಪಾಗಿರುವ ಸಾಧ್ಯತೆಯೇ ಹೆಚ್ಚು. ಇಸವಿ ಅಚ್ಚಿನ ಹಲಗೆಗೆ ಸೇರಿದ್ದು, ನಿಮ್ಮ ಕೈಯಲ್ಲಿರುವ ಪ್ರತಿಗೆ ಅಲ್ಲ. ಆ ಹಲಗೆ 50 ವರ್ಷ ಬದುಕಿ, ಮೂರು ಅಂಗಡಿಗಳ ಕೈ ಬದಲಾಯಿಸಿ, ಬೇರೆ ಊರಿನಲ್ಲಿ ನಿಮ್ಮ ಪ್ರತಿಯನ್ನು ಹೆತ್ತಿರಬಹುದು. ಕ್ಯೋಟೊ, ಒಸಾಕಾ, ಎಡೋ (ಇಂದಿನ ಟೋಕಿಯೋ) ಎಂಬ ಮೂರು ಮಹಾನಗರಗಳ ಆಚೆ ನಗೋಯಾ, ವಕಾಯಾಮಾ, ಸೆಂಡೈಗಳಲ್ಲಿ ನಡೆದ ಪುಸ್ತಕ ವ್ಯಾಪಾರ ಕಣ್ಣಿಗೆ ಬೀಳಬೇಕಾದರೆ ಹಲಗೆಯ ಕಥೆಯನ್ನೂ ಪ್ರತಿಯ ಕಥೆಯನ್ನೂ ಬೇರೆ ಬೇರೆ ಓದಬೇಕು.

ಹಲಗೆಯೇ ಆಸ್ತಿ

17ನೇ ಶತಮಾನದ ಮೊದಲ ದಶಕಗಳಲ್ಲಿ ಜಪಾನಿನಲ್ಲಿ ಬಿಡಿ ಮೊಳೆಗಳ (ಒಂದೊಂದು ಅಕ್ಷರಕ್ಕೆ ಒಂದೊಂದು ಅಚ್ಚಿನ ತುಂಡು) ಮುದ್ರಣ ಚೆನ್ನಾಗಿಯೇ ನಡೆದಿತ್ತು. 1640ರ ದಶಕದ ಹೊತ್ತಿಗೆ ವ್ಯಾಪಾರಿಗಳು ಮತ್ತೆ ಇಡೀ ಪುಟ ಕೆತ್ತುವ ಮರದ ಹಲಗೆಗೆ ಮರಳಿದರು. ಕಾರಣ ಸರಳ. ಮೊಳೆ ಜೋಡಿಸಿ ನೂರು ಪ್ರತಿ ತೆಗೆದ ಮೇಲೆ ಅದನ್ನು ಬಿಚ್ಚಲೇಬೇಕು; ಮತ್ತೆ ಬೇಡಿಕೆ ಬಂದರೆ ಮೊದಲಿಂದ ಜೋಡಿಸಬೇಕು. ಹಲಗೆಯನ್ನು ಒಮ್ಮೆ ಕೆತ್ತಿಸಿ ಉಗ್ರಾಣದಲ್ಲಿಟ್ಟರೆ ಬೇಡಿಕೆ ಬಂದಾಗ ಹತ್ತೋ ಐವತ್ತೋ ಪ್ರತಿ ತೆಗೆಯಬಹುದು. ಓದುವುದಕ್ಕೆ ಅನುಕೂಲವಾಗುವ ಉಚ್ಚಾರಣೆಯ ಸಣ್ಣಕ್ಷರ, ವಾಕ್ಯದ ಕ್ರಮ ತೋರಿಸುವ ಗುರುತು, ಚಿತ್ರ, ಎಲ್ಲವೂ ಒಂದೇ ಹಲಗೆಯಲ್ಲಿ ಕೂರುತ್ತವೆ.

ಹಲಗೆಗೆ ಸಾಮಾನ್ಯವಾಗಿ ಬಳಸುತ್ತಿದ್ದದ್ದು ಕಾಡು ಚೆರ್ರಿ ಮರ. ಹಲಗೆ ಡೊಂಕಾಗದಂತೆ ಎರಡು ತುದಿಗೂ ಅಡ್ಡಪಟ್ಟಿ ಸಿಕ್ಕಿಸುತ್ತಿದ್ದರು. ಒಂದು ಹಾಳೆಯನ್ನು ಮಧ್ಯಕ್ಕೆ ಮಡಿಸಿದರೆ ಎರಡು ಪುಟ; ಆ ಹಾಳೆಗೆ ‘ಚೋ’ ಎಂದು ಹೆಸರು. ಹಲಗೆಯ ಒಂದೊಂದು ಬದಿಗೆ ಎರಡು ಚೋ ಕೆತ್ತುವುದು ಸಾಮಾನ್ಯ ಪದ್ಧತಿ, ಅಂದರೆ ಒಂದು ಹಲಗೆಗೆ ನಾಲ್ಕು ಚೋ. 60 ಚೋಗಳ ಪುಸ್ತಕಕ್ಕೆ 15 ಹಲಗೆ ಸಾಕು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಬಿರುಕು, ಸುಟ್ಟ ಗುರುತು, ಹೊಸ ಕೆತ್ತನೆ ಎಲ್ಲ ನಾಲ್ಕರ ಗುಂಪಿನಲ್ಲೇ ಕಾಣಿಸುತ್ತವೆ.

ಹಲಗೆ ಇದ್ದವನಿಗೇ ಅಚ್ಚು ಹಾಕುವ ಹಕ್ಕು. ಈ ಹಕ್ಕನ್ನು ‘ಹಾಂಕಾಬು’ ಎನ್ನುತ್ತಿದ್ದರು. ಅದನ್ನು ಮಾರಬಹುದಿತ್ತು, ಅಡವಿಡಬಹುದಿತ್ತು, ಪಾಲು ಮಾಡಬಹುದಿತ್ತು. ಇಬ್ಬರು ಮೂವರು ಸೇರಿ ಬಂಡವಾಳ ಹಾಕಿದರೆ ಹಲಗೆಗಳನ್ನೂ ಹಂಚಿಕೊಂಡು ತಮ್ಮ ತಮ್ಮ ಉಗ್ರಾಣದಲ್ಲಿ ಇಡುತ್ತಿದ್ದರು. ಒಬ್ಬನ ಬಳಿ ಹೆಚ್ಚಿನ ಹಲಗೆ ಇದ್ದರೂ ಇನ್ನೊಬ್ಬ ಒಂದೆರಡನ್ನಾದರೂ ತನ್ನಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಒಂದೆರಡು ಹಲಗೆ ಇಲ್ಲದೆ ಪುಸ್ತಕ ಪೂರ್ತಿಯಾಗುವುದಿಲ್ಲ. ಪಾಲುದಾರನಿಗೆ ಹೇಳದೆ ಯಾರೂ ಕದ್ದು ಅಚ್ಚು ಹಾಕುವಂತಿಲ್ಲ. ಕರಾರುಪತ್ರಕ್ಕಿಂತ ಗಟ್ಟಿಯಾದ ಭದ್ರತೆ ಇದು.

ಮೇಜಿನ ಮೇಲೆ ಏನಿರಬೇಕು

ಮಿಲಿಮೀಟರ್ ಗುರುತಿನ ಅಳತೆಪಟ್ಟಿ (ಮೆದು ಪ್ಲಾಸ್ಟಿಕ್ಕಿನದು, ಲೋಹದ್ದು ಬೇಡ), ಓರೆಯಾಗಿ ಬೀಳುವ ಒಂದು ದೀಪ, ಪೆನ್ಸಿಲ್, ಮತ್ತು ಒಣಗಿದ ಶುದ್ಧ ಕೈ. ಕೈಗವಸು ಹಾಕಿಕೊಳ್ಳಬೇಡಿ, ತೆಳು ಕಾಗದದ ಅಂಚು ಅದಕ್ಕೆ ಸಿಕ್ಕಿ ಹರಿಯುತ್ತದೆ. ಹಾಳೆಯ ಮಡಿಕೆ ಹೊರಗಡೆಗೆ, ಬಿಡಿ ಅಂಚುಗಳು ಹೊಲಿಗೆಯ ಕಡೆಗೆ ಇರುತ್ತವೆ. ಮಡಿಕೆಯನ್ನು ಕತ್ತರಿಸದೆ ಬಿಟ್ಟಿದ್ದಾರೆ ಎಂದು ಭಾವಿಸಿ ಚಾಕು ತರಬೇಡಿ. ಒಳಬದಿ ಖಾಲಿಯೇ ಇರುವುದು. ಕಟ್ಟುವ ರೀತಿಯೇ ಹಾಗೆ.

ಪುಸ್ತಕ ನಮಗೆ ಹಿಂದುಮುಂದಾಗಿ ತೆರೆಯುತ್ತದೆ. ಹೊಲಿಗೆ ಬಲಗಡೆ ಬರುವಂತೆ ಇಟ್ಟುಕೊಳ್ಳಿ. ಸಾಲು ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ.

ಕೂಡುಬರಹದ ಹಳೆಯ ಜಪಾನಿ ಲಿಪಿ ಓದಲು ಬಾರದಿದ್ದರೆ ‘ಮಿವೊ’ ಎಂಬ ಉಚಿತ ಆ್ಯಪ್ ಇದೆ, 2021ರಲ್ಲಿ ಬಂದದ್ದು. ಫೋಟೊ ಕೊಟ್ಟರೆ ಅಕ್ಷರಗಳನ್ನು ಇಂದಿನ ರೂಪದಲ್ಲಿ ತೋರಿಸುತ್ತದೆ. ಅಚ್ಚಿನ ಪುಸ್ತಕದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅಂಗಡಿ ಹೆಸರು ಮತ್ತು ಠಸ್ಸೆಗಳಲ್ಲಿ ಎಡವುತ್ತದೆ. ಅದು ಕೊಟ್ಟದ್ದನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ಹೋಲಿಸಿ ನೋಡಲು ಇತರ ಪ್ರತಿಗಳು ಬೇಕು: ಜಪಾನಿನ ರಾಷ್ಟ್ರೀಯ ಸಂಸತ್ ಗ್ರಂಥಾಲಯ, ವಾಸೆಡಾ ವಿಶ್ವವಿದ್ಯಾಲಯ, ಮತ್ತು ಟೋಕಿಯೋದ ರಾಷ್ಟ್ರೀಯ ಜಪಾನಿ ಸಾಹಿತ್ಯ ಸಂಶೋಧನಾ ಸಂಸ್ಥೆ, ಈ ಮೂರರ ಜಾಲ ಸಂಗ್ರಹಗಳಿಂದಲೇ ಹೆಚ್ಚಿನ ಕೆಲಸ ನಡೆಯುತ್ತದೆ.

ಮೊದಲು ಅಳತೆ

ರಟ್ಟಿನ ಎತ್ತರ, ಅಗಲ ಬರೆದುಕೊಳ್ಳಿ. ಮಿನೊ ಕಾಗದವನ್ನು ಮಡಿಸಿ ಕಟ್ಟಿದ ದೊಡ್ಡ ಪುಸ್ತಕ ಸುಮಾರು 27 ಸೆಂ.ಮೀ. ಎತ್ತರ, 18–19 ಅಗಲ. ‘ಹಾಂಶಿ’ ಕಾಗದದ್ದು ಸುಮಾರು 22–23 ಎತ್ತರ, 16 ಅಗಲ. ಇವುಗಳ ಅರ್ಧ ಗಾತ್ರದವು ಕ್ರಮವಾಗಿ 18–19 ಮತ್ತು 16 ಸೆಂ.ಮೀ. ಎತ್ತರ ಇರುತ್ತವೆ. ಗಾತ್ರವೇ ಪುಸ್ತಕದ ಜಾತಿ ಹೇಳುತ್ತದೆ: ಶಾಸ್ತ್ರಗ್ರಂಥ, ಬೌದ್ಧ ಗ್ರಂಥ, ಊರುಗಳ ಸಚಿತ್ರ ವರ್ಣನೆ ದೊಡ್ಡ ಗಾತ್ರದಲ್ಲಿ, ಗಂಭೀರ ಕಾದಂಬರಿ, ಚಿತ್ರಮಾದರಿ ಪುಸ್ತಕಗಳು ಹಾಂಶಿಯಲ್ಲಿ, ಹಾಸ್ಯ ಮತ್ತು ಪ್ರೇಮಕಥೆ ಅದಕ್ಕಿಂತ ಚಿಕ್ಕದರಲ್ಲಿ.

ರಟ್ಟಿಗಿಂತ ಮುಖ್ಯವಾದದ್ದು ಪುಟದ ಸುತ್ತಲಿನ ಕಪ್ಪು ಚೌಕಟ್ಟು. ರಟ್ಟನ್ನು ಮತ್ತೆ ಕಟ್ಟುವಾಗ ಕತ್ತರಿಸಿರಬಹುದು, ಚೌಕಟ್ಟನ್ನು ಕತ್ತರಿಸಲು ಬರುವುದಿಲ್ಲ. ಮೂಲಪಾಠ ಶುರುವಾಗುವ ಚೋದ ಮೊದಲ ಪುಟದಲ್ಲಿ ಚೌಕಟ್ಟಿನ ಒಳ ಅಂಚಿನಿಂದ ಒಳ ಅಂಚಿಗೆ ಎತ್ತರ, ಅಗಲ ಅಳೆಯಿರಿ. ಹೊರ ಅಂಚನ್ನೇ ಹಿಡಿಯುವುದಾದರೆ ಎಲ್ಲ ಪ್ರತಿಗೂ ಅದನ್ನೇ ಹಿಡಿಯಿರಿ, ಮತ್ತು ಯಾವುದೆಂದು ಬರೆದಿಡಿ. ಜಾಲದ ಚಿತ್ರದಲ್ಲಿ ಅಳತೆಪಟ್ಟಿಯೂ ಸೇರಿರದಿದ್ದರೆ ಅಳೆಯುವ ಗೋಜಿಗೆ ಹೋಗಬೇಡಿ.

ಕೊನೆಯ ಪುಟದ ಇಸವಿ

ಪ್ರಕಟಣೆಯ ವಿವರ ಇರುವ ಪುಟಕ್ಕೆ ‘ಒಕುಜುಕೆ’ ಎಂದು ಹೆಸರು. ಕೊನೆಯ ಸಂಪುಟದ ಕೊನೆಯ ಹಾಳೆಯಲ್ಲಿ ಅಥವಾ ಹಿಂಬದಿ ರಟ್ಟಿನ ಒಳಗೆ ಅಂಟಿಸಿದ ಹಾಳೆಯಲ್ಲಿ ಸಿಗುತ್ತದೆ. ಐದು ಸಂಪುಟದ ಪುಸ್ತಕದ ಮೂರನೆಯದು ಮಾತ್ರ ನಿಮ್ಮ ಬಳಿ ಇದ್ದರೆ ಅದರಲ್ಲಿ ಈ ಪುಟ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ಮೊದಲ ರಟ್ಟಿನ ಒಳಬದಿಯಲ್ಲೂ ಶೀರ್ಷಿಕೆ, ಲೇಖಕ, ಅಂಗಡಿಯ ಹೆಸರು ಇರುವುದುಂಟು. ಎರಡೂ ಕಡೆ ಬೇರೆ ಬೇರೆ ಹೆಸರಿದ್ದರೆ ಸಂತೋಷಪಡಿ: ಹಲಗೆ ಕೈ ಬದಲಾಯಿಸಿದ ಸುಳಿವು ಅದು.

ಲೇಖಕ ಮತ್ತು ಪ್ರಕಾಶಕರ ನಿಜವಾದ ಹೆಸರು ಪುಸ್ತಕದ ಕೊನೆಯಲ್ಲಿ ಇರಲೇಬೇಕೆಂದು 1722ರಲ್ಲಿ ಶೋಗುನ್ ಸರ್ಕಾರ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಯ ಸರ್ಕಾರ) ಆಜ್ಞೆ ಹೊರಡಿಸಿತು. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಬರೀ ಒಂದು ಹೆಸರೋ, ಏನೂ ಇಲ್ಲದೆಯೋ ಇರುವುದು ಸಹಜ.

ಇಸವಿಯನ್ನು ಯುಗದ ಹೆಸರು ಮತ್ತು ವರ್ಷದ ಅಂಕಿಯಿಂದ ಹೇಳುತ್ತಾರೆ. ಯುಗದ ಮೊದಲ ವರ್ಷಕ್ಕೆ ಅಂಕಿಯನ್ನು ಕೂಡಿಸಿ ಒಂದು ಕಳೆಯಿರಿ. ಹೆಚ್ಚಾಗಿ ಬೇಕಾಗುವ ಆರಂಭದ ವರ್ಷಗಳು: ಕ್ಯೋಹೋ 1716, ಮೇವಾ 1764, ಆನ್‌ಎಯ್ 1772, ತೆನ್‌ಮೇಯ್ 1781, ಕಾನ್‌ಸೇಯ್ 1789, ಕ್ಯೋವಾ 1801, ಬುಂಕಾ 1804, ಬುನ್‌ಸೇಯ್ 1818, ತೆನ್‌ಪೋ 1830, ಕೋಕಾ 1844, ಕಾಎಯ್ 1848, ಆನ್‌ಸೇಯ್ 1854, ಕೆಯ್‌ಓ 1865, ಮೇಜಿ 1868. ಬುಂಕಾ 11 ಎಂದಿದ್ದರೆ 1804 + 11 − 1 = 1814.

ಯುಗದ ಜೊತೆಗೆ ಅರವತ್ತು ವರ್ಷದ ಚಕ್ರದ ಹೆಸರೂ ಇರುತ್ತದೆ. ಕೆಲವೊಮ್ಮೆ ಅದೊಂದೇ ಇರುತ್ತದೆ. ನಮ್ಮ ಹಳೆಯ ಪುಸ್ತಕಗಳಲ್ಲಿ ವಿಭವ, ಶುಕ್ಲ ಎಂದು ಸಂವತ್ಸರದ ಹೆಸರಷ್ಟೇ ಕಂಡು ತಲೆ ಕೆರೆದುಕೊಂಡವರಿಗೆ ಈ ಕಷ್ಟ ಹೊಸದಲ್ಲ. ಎರಡು ಚಕ್ರಗಳ ಮೊದಲು ಮಾತ್ರ ಒಂದೇ ಅಲ್ಲ: ಅವರ ಮೊದಲ ವರ್ಷ ‘ಕಿನೊಎ-ನೆ’ 1744, 1804, 1864ರಲ್ಲಿ ಬಂತು, ನಮ್ಮ ಪ್ರಭವ 1747, 1807, 1867ರಲ್ಲಿ. ಮೂರು ವರ್ಷದ ಅಂತರ. ಯುಗದ ಲೆಕ್ಕವೂ ಚಕ್ರದ ಲೆಕ್ಕವೂ ಒಂದೇ ವರ್ಷಕ್ಕೆ ಬರಬೇಕು. ಬುಂಕಾ 11ಕ್ಕೆ ‘ಕಿನೊಎ-ಇನು’ ಹೊಂದುತ್ತದೆ. ಹೊಂದದಿದ್ದರೆ ನೀವು ಒಂದು ಅಕ್ಷರ ತಪ್ಪಾಗಿ ಓದಿದ್ದೀರಿ, ಅಥವಾ ಅಲ್ಲಿ ಹಲಗೆಗೆ ಬೆಣೆ (ಹೊಸ ಮರದ ತುಂಡು) ಹಾಕಿ ತಿದ್ದಿದ್ದಾರೆ. ಹನ್ನೆರಡನೇ ತಿಂಗಳು ಎಂದಿದ್ದರೆ ಇನ್ನೊಂದು ಎಚ್ಚರಿಕೆ: 1872ರ ಕೊನೆಯವರೆಗೆ ಅಲ್ಲಿ ನಡೆದದ್ದು ಚಾಂದ್ರಮಾನದ ಪಂಚಾಂಗ, ಆ ತಿಂಗಳು ನಮ್ಮ ಲೆಕ್ಕದ ಮುಂದಿನ ಇಸವಿಗೆ ಬಿದ್ದಿರಬಹುದು.

ಮುನ್ನುಡಿಯ ತಾರೀಖನ್ನು ಪ್ರಕಟಣೆಯ ತಾರೀಖೆಂದು ಬರೆಯಬೇಡಿ. ಎರಡರ ನಡುವೆ ಹಲವು ವರ್ಷ ಕಳೆದಿರಬಹುದು.

ಹೆಸರುಗಳ ಸಾಲಿನಲ್ಲಿ ಯಜಮಾನ ಯಾರು

ಇದೇ ಕೆಲಸದ ತಿರುಳು, ನಿಧಾನವಾಗಿ ಮಾಡಿ.

ಸಾಲನ್ನು ಬಲದಿಂದ ಎಡಕ್ಕೆ ಓದಿ. ಸಾಮಾನ್ಯವಾಗಿ ಮುಖ್ಯ ಪ್ರಕಾಶಕ ಎಡತುದಿಯಲ್ಲಿ, ಅಂದರೆ ಕೊನೆಯಲ್ಲಿ ಇರುತ್ತಾನೆ. ಮೊದಲ ಹೆಸರನ್ನೇ ಮುಖ್ಯ ಎನ್ನುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಇದು ರೂಢಿ ಮಾತ್ರ, ಕಟ್ಟಳೆಯಲ್ಲ. ಆದ್ದರಿಂದ ಇನ್ನೊಂದು ಸಾಕ್ಷಿ ಬೇಕು. ಯಾರ ಹೆಸರಿನ ಕೆಳಗೆ ‘ಹಾನ್’ (ಹಲಗೆ) ಎಂಬ ಅಕ್ಷರ ಇದೆ, ಯಾರ ಠಸ್ಸೆ ಒತ್ತಿದೆ, ಯಾರ ಹೆಸರು ದಪ್ಪವಾಗಿದೆ, ಯಾರ ಪುಸ್ತಕಪಟ್ಟಿ ಕೊನೆಯಲ್ಲಿ ಸೇರಿಸಿದೆ, ಇವನ್ನು ನೋಡಿ.

ಮೂರು ಪದಗಳನ್ನು ಜಪಾನಿ ಲಿಪಿಯಲ್ಲೇ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳುವುದು ಒಳ್ಳೆಯದು. ‘ಜೋಹಾನ್’ (蔵版) ಎಂದರೆ ಹಲಗೆಯ ಒಡೆಯ; ಅವನು ಅಂಗಡಿಯವನೇ ಆಗಿರಬೇಕಿಲ್ಲ, ದೇವಾಲಯ, ಸಂಸ್ಥಾನದ ಶಾಲೆ, ಲೇಖಕನೇ ಇರಬಹುದು. ‘ಕ್ಯೂಹಾನ್’ (求版) ಎಂದರೆ ಹಲಗೆಯನ್ನು ಕೊಂಡವನು. ಈ ಪದ ಕಂಡರೆ ಮೇಲಿನ ಇಸವಿ ಮೊದಲ ಮುದ್ರಣದ್ದಲ್ಲ, ಅಥವಾ ಹೆಸರು ಮೊದಲ ಪ್ರಕಾಶಕನದಲ್ಲ. ‘ಉರಿಹಿರೊಮೆ’ (売弘) ಎಂದರೆ ಮಾರಾಟಗಾರ. ಅವನಿಗೆ ಹಲಗೆಯಲ್ಲಿ ಪಾಲು ಇಲ್ಲ.

ಊರುಗಳ ಹೆಸರು ನೇರವಾಗಿ ಇರುವುದು ಕಡಿಮೆ. ಎಡೋಗೆ ‘ತೋತೊ’ (ಪೂರ್ವದ ರಾಜಧಾನಿ), ‘ಕೋಟೊ’, ಕ್ಯೋಟೊಗೆ ‘ಕೇಯ್‌ಶಿ’, ‘ಹೇಯಾನ್’, ಚೀನಾದ ಹಳೆಯ ರಾಜಧಾನಿಯನ್ನು ನೆನೆದು ‘ರಾಕುಯೋ’, ಒಸಾಕಾಗೆ ‘ನಾನಿವಾ’, ‘ಸೆತ್ಸುಯೋ’, ನಗೋಯಾಕ್ಕೆ ‘ಬಿಯೋ’. ವಕಾಯಾಮಾದ ಹೆಸರಿನ ಮೊದಲ ಭಾಗಕ್ಕೆ ‘ಎಳೆಯ’ ಎಂಬ ಅರ್ಥದ ಬೇರೆ ಅಕ್ಷರ ಬಳಸುವುದೂ ಉಂಟು.

ಅಂಗಡಿ ಹೆಸರಲ್ಲಿ ಬರುವ ಊರನ್ನು ನಂಬಬೇಡಿ. ಇಸೆಯಾ ಹಾನ್‌ಎಮೊನ್ ಎಂಬ ಅಂಗಡಿ ಇಸೆಯಲ್ಲಿ ಇರಲಿಲ್ಲ, ಈಶಾನ್ಯದ ಸೆಂಡೈ ಊರಿನ ಕೊಕುಬುನ್‌ಮಾಚಿ ಬೀದಿಯಲ್ಲಿತ್ತು. ಅಕಿತಾಯಾ ತಾಎಮೊನ್ ಒಸಾಕಾದವನು. ಎಡೋದ ಅತಿ ದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾದ ಸುವಾರಾಯಾ ಮೊಹೇಯ್‌ನ ಅಂಗಡಿ ಹೆಸರು ಕಿಯಿ ಪ್ರಾಂತದ ಸುವಾರಾ ಎಂಬ ಹಳ್ಳಿಯದು. ಮನೆತನದ ಮೂಲ ಊರು ಅಂಗಡಿಗೆ ಅಂಟಿಕೊಂಡಿರುತ್ತದೆ. ನಮ್ಮಲ್ಲೂ ಊರಿನ ಹೆಸರು ಹೊತ್ತ ಮನೆತನಗಳು ಬೇರೆ ಊರಲ್ಲಿ ನೆಲೆಸಿರುವ ಹಾಗೆ. ಅಂಗಡಿ ಎಲ್ಲಿತ್ತು ಎಂಬುದಕ್ಕೆ ಹೆಸರಿನ ಮೇಲಿರುವ ಬೀದಿ ವಿಳಾಸವೇ ಪ್ರಮಾಣ: ಶಿನ್‌ಸಾಯ್‌ಬಾಶಿ ಎಂದರೆ ಒಸಾಕಾ, ತೆರಾಮಾಚಿ ಎಂದರೆ ಹೆಚ್ಚಾಗಿ ಕ್ಯೋಟೊ, ನಿಹೊನ್‌ಬಾಶಿ ಎಂದರೆ ಹೆಚ್ಚಾಗಿ ಎಡೋ.

ವ್ಯಕ್ತಿಯ ಹೆಸರೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಮೊಮ್ಮಗನೂ ಅಜ್ಜನ ಹೆಸರಿನಲ್ಲೇ ವ್ಯಾಪಾರ ಮಾಡುತ್ತಾನೆ. ಹೀಗಾಗಿ ಹೆಸರಿನಿಂದ ಕಾಲ ಗೊತ್ತಾಗುವುದಿಲ್ಲ. ವಿಳಾಸ ಬದಲಾದದ್ದರಿಂದ ಗೊತ್ತಾಗುತ್ತದೆ.

ಅಷ್ಟೊಂದು ಹೆಸರು ಏಕೆ

ಪುಸ್ತಕ ವ್ಯಾಪಾರಿಗಳ ಸಂಘಕ್ಕೆ ಅಧಿಕೃತ ಮನ್ನಣೆ ಸಿಕ್ಕಿದ್ದು ಕ್ಯೋಟೊದಲ್ಲಿ 1716ರಲ್ಲಿ, ಎಡೋದಲ್ಲಿ 1721ರಲ್ಲಿ, ಒಸಾಕಾದಲ್ಲಿ 1723ರಲ್ಲಿ. ಹೊಸ ಪುಸ್ತಕ ತರುವವನು ಹಸ್ತಪ್ರತಿಯನ್ನು ಮೊದಲು ಸಂಘದ ಸರದಿ ಮುಖ್ಯಸ್ಥರಿಗೆ ಕೊಡಬೇಕು. ಅವರು ನೋಡುವುದು ಎರಡು ಸಂಗತಿ: ಸರ್ಕಾರ ನಿಷೇಧಿಸಿದ ವಿಷಯ ಇದೆಯೇ, ಮತ್ತು ಬೇರೆಯವರ ಹಲಗೆಯ ಹಕ್ಕಿಗೆ ಧಕ್ಕೆ ಬರುತ್ತದೆಯೇ. ಯಥಾವತ್ತು ನಕಲು ಮಾತ್ರವಲ್ಲ, ತುಂಬಾ ಹೋಲುವ ಪುಸ್ತಕವೂ ತಕರಾರಿಗೆ ಗುರಿಯಾಗುತ್ತಿತ್ತು. ಆಮೇಲೆ ನಗರಾಧಿಕಾರಿಯ ಒಪ್ಪಿಗೆ, ಆಮೇಲೆ ಕೆತ್ತನೆ. ಅಚ್ಚಾದ ಮೇಲೆ ಒಂದು ಪ್ರತಿ ಸಲ್ಲಿಸಬೇಕು.

ಬೇರೆ ನಗರಕ್ಕೆ ಕಳಿಸಿ ಮಾರಬೇಕಾದರೆ ‘ಸೊಎಶೋ’ ಎಂಬ ಒಪ್ಪಿಗೆ ಚೀಟಿ ಜೊತೆಗಿರಬೇಕು, ಅಲ್ಲಿ ಪುಸ್ತಕ ಇಳಿಸಿಕೊಳ್ಳುವ ಅಂಗಡಿಯೂ ಇರಬೇಕು. ಆ ಅಂಗಡಿಯ ಹೆಸರೇ ಸಾಲಿಗೆ ಸೇರುತ್ತದೆ. ದೂರದ ಊರಿನ ಪ್ರಕಾಶಕನಿಗೆ ಮಹಾನಗರದ ಪಾಲುದಾರ ಇಲ್ಲದೆ ಗತಿಯಿಲ್ಲ. 19ನೇ ಶತಮಾನಕ್ಕೆ ಬಂದಂತೆ ಈ ಸಾಲು ಬೆಳೆಯುತ್ತಾ ಹೋಗಿ ಹತ್ತನ್ನೂ ದಾಟುತ್ತದೆ. ನಾಲ್ಕಾರು ಊರಿನ ಅಷ್ಟೂ ಜನ ಪ್ರಕಾಶಕರು ಎಂದು ಭಾವಿಸುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಬಹುಪಾಲು ಜನ ಮಾರಾಟಗಾರರು. ಅವರ ನಡುವೆ ನಗದು ಓಡಾಡಿದ್ದಕ್ಕಿಂತ ಪುಸ್ತಕ ಓಡಾಡಿದ್ದು ಹೆಚ್ಚು: ನನ್ನ ಪುಸ್ತಕ ನೀನು ಇಟ್ಟುಕೋ, ನಿನ್ನದನ್ನು ನಾನು ಇಡುತ್ತೇನೆ ಎಂಬ ಈ ವಿನಿಮಯಕ್ಕೆ ‘ಹೊನ್‌ಗಾಎ’ ಎಂದು ಹೆಸರು.

1841–42ರಲ್ಲಿ ಶೋಗುನ್ ಸರ್ಕಾರದ ತೆನ್‌ಪೋ ಸುಧಾರಣೆಗಳು ಎಲ್ಲ ವ್ಯಾಪಾರಿ ಸಂಘಗಳನ್ನು ವಿಸರ್ಜಿಸಿದವು. 1851ರಲ್ಲಿ ಮತ್ತೆ ಬಂದವು. ಆ ಹತ್ತು ವರ್ಷದ ಪುಸ್ತಕಗಳನ್ನು ಓದುವಾಗ ಈ ನಿಯಮಗಳು ಹಾಗೆಯೇ ನಡೆದವು ಎಂದುಕೊಳ್ಳಬೇಡಿ.

ನಗೋಯಾವನ್ನು ಓದುವುದು

ಪ್ರಾದೇಶಿಕ ಪ್ರಕಾಶನ ಕಲಿಯಲು ನಗೋಯಾಕ್ಕಿಂತ ಒಳ್ಳೆಯ ಊರಿಲ್ಲ. ಓವಾರಿ ಸಂಸ್ಥಾನದ ರಾಜಧಾನಿ, ಕ್ಯೋಟೊ ಮತ್ತು ಎಡೋ ನಡುವಿನ ದಾರಿಯ ಹತ್ತಿರ, ಓದುವ ಸಮುರಾಯ್‌ಗಳೂ ಹಣವಂತ ವರ್ತಕರೂ ಇದ್ದ ಜಾಗ. ಸಂಸ್ಥಾನವೇ 1787ರಲ್ಲಿ ‘ಗುನ್ಶೊ ಚಿಯೋ’ ಎಂಬ ಹಳೆಯ ಚೀನೀ ರಾಜನೀತಿ ಸಂಕಲನವನ್ನು ಅಚ್ಚು ಹಾಕಿಸಿತು. 18ನೇ ಶತಮಾನದ ಕೊನೆಯ ದಶಕದಲ್ಲಿ ಊರಿನ ವ್ಯಾಪಾರಿಗಳು ತಮ್ಮದೇ ಸಂಘ ಪಡೆದರು. ಆ ದಶಕದ ಹಿಂದಿನ ಮತ್ತು ಮುಂದಿನ ಒಕುಜುಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಹಾನಗರದ ನೆರಳಿನಿಂದ ಒಂದು ಊರು ಹೊರಬರುವುದು ಕಾಣುತ್ತದೆ.

ಎಯ್‌ರಾಕುಯಾ ತೋಶಿರೋ ಅಂಗಡಿ 1776ರಲ್ಲಿ ಹೊನ್‌ಮಾಚಿ ಬೀದಿಯಲ್ಲಿ ಶುರುವಾಯಿತು. ಮುದ್ರೆಯಲ್ಲಿ ಬಳಸುವ ಹೆಸರು ‘ತೋಹೆಕಿದೋ’, ಅಂದರೆ ಪೂರ್ವಗೋಡೆಯ ಮಂದಿರ. ವಿದ್ವಾಂಸ ಮೊತೊಒರಿ ನೊರಿನಾಗಾ ಜಪಾನಿನ ಪ್ರಾಚೀನ ಇತಿಹಾಸಗ್ರಂಥ ‘ಕೊಜಿಕಿ’ಗೆ ಬರೆದ 44 ಸಂಪುಟಗಳ ವ್ಯಾಖ್ಯಾನ 1790ರಿಂದ 1822ರವರೆಗೆ ಈ ಅಂಗಡಿಯಿಂದ ಬಂತು. ಲೇಖಕ 1801ರಲ್ಲೇ ತೀರಿಕೊಂಡಿದ್ದರೂ ಕೆಲಸ ನಿಲ್ಲಲಿಲ್ಲ. ಚಿತ್ರಕಾರ ಹೊಕುಸಾಯ್ 1812ರಲ್ಲಿ ನಗೋಯಾಕ್ಕೆ ಬಂದು ತಂಗಿದ್ದರಿಂದ ಹುಟ್ಟಿದ ಚಿತ್ರಮಾಲೆ ‘ಹೊಕುಸಾಯ್ ಮಾಂಗಾ’ದ ಮೊದಲ ಸಂಪುಟ 1814ರಲ್ಲಿ ಬಂತು, ಹದಿನೈದನೆಯದು 1878ರಲ್ಲಿ. ಎಡೋದ ಅತಿ ದೊಡ್ಡ ಚಿತ್ರಕಾರನ ಅತಿ ಜನಪ್ರಿಯ ಪುಸ್ತಕದ ಹಲಗೆ ನಗೋಯಾದಲ್ಲಿತ್ತು ಎಂಬುದನ್ನು ಪುಸ್ತಕದ ಹರಾಜು ವಿವರಗಳೂ ಮರೆಯುತ್ತವೆ. ಇದಕ್ಕಾಗಿಯೇ ಒಕುಜುಕೆ ಓದಬೇಕು.

ಈ ಅಂಗಡಿಯ ಪುಸ್ತಕವನ್ನು ಕಾಲಕ್ಕೆ ಕೂರಿಸುವ ಕ್ರಮ ಹೀಗೆ. ಎಡೋದ ಪಾಲುದಾರನ ಹೆಸರು ಜೊತೆಗಿದ್ದರೆ ಅದು ಮೊದಲ ಹಂತದ್ದು. ಎಡೋದ ವಿಳಾಸದ ಕೆಳಗೆ ‘ಅದೇ ಅಂಗಡಿಯ ಶಾಖೆ’ ಎಂದಿದ್ದರೆ ಮುಂದಿನ ಹಂತ: ನಗೋಯಾದವನು ಎಡೋದಲ್ಲಿ ತನ್ನದೇ ಬಾಗಿಲು ತೆರೆದಿದ್ದಾನೆ. ಮಿನೊ ಪ್ರಾಂತದ ಓಗಾಕಿಯ ಶಾಖೆಯೂ ಇದೇ ರೀತಿ ಕಾಣಿಸುತ್ತದೆ. ಎಯ್‌ರಾಕುಯಾ ಹೋಗಿ ‘ಕಾತಾನೊ ತೋಶಿರೋ’ ಎಂದು ಮನೆತನದ ಹೆಸರು ಬಂದಿದ್ದರೆ ಪ್ರತಿ ಮೇಜಿ ಕಾಲದ್ದು (1868–1912). ಸಾಮಾನ್ಯರು ಮನೆತನದ ಹೆಸರನ್ನು ಅಧಿಕೃತವಾಗಿ ಬಳಸಲು ಅನುಮತಿ ಸಿಕ್ಕಿದ್ದು 1870ರಲ್ಲಿ. ಇಸವಿಯ ಜಾಗದಲ್ಲಿ ಬುಂಕಾ 11 ಎಂದೇ ಇದ್ದರೂ ಈ ಗುರುತು ಗೆಲ್ಲುತ್ತದೆ.

ಬೇರೆ ಊರುಗಳು

ವಕಾಯಾಮಾದಲ್ಲಿ ಓಬಿಯಾ ಇಹೇಯ್ ತನ್ನ ಪ್ರಾಂತದ ಸಚಿತ್ರ ವರ್ಣನೆ ‘ಕಿಯಿ ನೊ ಕುನಿ ಮೇಯ್ಶೊ ಜುಎ’ಯ ಮೊದಲ ಭಾಗವನ್ನು 1811ರಲ್ಲಿ ಹೊರತಂದ. ಸ್ಥಳದ ಪುಸ್ತಕ ಸ್ಥಳದಲ್ಲೇ ಹುಟ್ಟುವುದಕ್ಕೆ ಇದು ಒಳ್ಳೆಯ ಮಾದರಿ. ಮತ್ಸುಮೊತೊದಲ್ಲಿ ತಾಕಾಮಿಯಾ ಅಂಗಡಿ 1797ರಲ್ಲಿ ಶುರುವಾಯಿತು. ಸೆಂಡೈಯ ಇಸೆಯಾದಂಥ ಅಂಗಡಿಗಳ ಅನ್ನ ಹೆಚ್ಚಾಗಿ ಶಾಲಾಪುಸ್ತಕದಲ್ಲಿತ್ತು: ಪತ್ರಗಳ ರೂಪದಲ್ಲಿ ಅಕ್ಷರ, ಊರು, ಸರಕುಗಳ ಹೆಸರು ಕಲಿಸುವ ‘ಓರಾಯ್’ ಪುಸ್ತಕಗಳು. ಇವು ಮಕ್ಕಳ ಕೈಯಲ್ಲಿ ಸವೆದು ಹೋಗುತ್ತವೆ, ರಟ್ಟು ಹೋಗಿರುತ್ತದೆ, ಒಕುಜುಕೆಯೂ ಹೋಗಿರುತ್ತದೆ. ಸಿಕ್ಕರೆ ಎಷ್ಟೇ ಹರಿದಿದ್ದರೂ ಬಿಸಾಡಬೇಡಿ.

ಊರಲ್ಲಿ ಲೇಖಕ ಇದ್ದ ಮಾತ್ರಕ್ಕೆ ಪುಸ್ತಕ ಅಲ್ಲಿಯದಾಗುವುದಿಲ್ಲ. ಎಚಿಗೊ ಪ್ರಾಂತದ ಸುಜುಕಿ ಬೊಕುಶಿ ಹಿಮದ ನಾಡಿನ ಬದುಕನ್ನು ಬರೆದು, ಹಲವು ದಶಕ ಪ್ರಯತ್ನಿಸಿ, 1837ರಲ್ಲಿ ಎಡೋದಿಂದ ಹೊರತಂದ. ಇದಕ್ಕೆ ವಿರುದ್ಧ ಉದಾಹರಣೆ ಹಾಯಾಶಿ ಶಿಹೇಯ್. ಕಡಲ ರಕ್ಷಣೆ ಕುರಿತ ತನ್ನ ‘ಕಾಯ್‌ಕೊಕು ಹೇಯ್‌ದಾನ್’ಗೆ ಪ್ರಕಾಶಕ ಸಿಗದೆ ಸೆಂಡೈಯಲ್ಲಿ ಸ್ವಂತ ಖರ್ಚಿನಲ್ಲಿ ಹಲಗೆ ಕೆತ್ತಿಸಿದ, 1791ರಲ್ಲಿ ಮುಗಿಯಿತು. ಮರುವರ್ಷವೇ ಸರ್ಕಾರ ಹಲಗೆಗಳನ್ನು ಕಿತ್ತುಕೊಂಡು ಅವನನ್ನು ಮನೆಯಲ್ಲೇ ಬಂಧಿಸಿತು. ತನಗೆ ಇಲ್ಲದ್ದನ್ನೆಲ್ಲ ಎಣಿಸಿ ಅವನು ಬರೆದ ಪುಟ್ಟ ಪದ್ಯದಲ್ಲಿ ತಂದೆತಾಯಿ, ಹೆಂಡತಿ, ಮಕ್ಕಳು ಆದ ಮೇಲೆ ನಾಲ್ಕನೆಯದಾಗಿ ಬರುವುದು ಅಚ್ಚಿನ ಹಲಗೆ. ಹಣ ಅದರ ನಂತರ.

ಬೆಣೆ, ಬಿರುಕು, ಚೌಕಟ್ಟು

ಒಕುಜುಕೆಯ ಮಾತು ನಿಜವೇ ಎಂದು ಪರೀಕ್ಷಿಸುವುದು ಈ ಹಂತದಲ್ಲಿ. ಕನಿಷ್ಠ ಇನ್ನೆರಡು ಪ್ರತಿಗಳ ಚಿತ್ರ ತೆರೆದುಕೊಳ್ಳಿ.

ಹಲಗೆಯಲ್ಲಿ ತಿದ್ದಬೇಕಾದರೆ ಆ ಭಾಗ ಕೊರೆದು ತೆಗೆದು ಹೊಸ ಮರದ ತುಂಡು ಬೆಣೆಯಂತೆ ಕೂರಿಸಿ ಕೆತ್ತುತ್ತಾರೆ. ಇದಕ್ಕೆ ‘ಇರೆಕಿ’ ಎಂದು ಹೆಸರು. ಗುರುತು ಹಿಡಿಯುವುದು ಕಷ್ಟವಲ್ಲ. ಸುತ್ತಲಿನ ಅಕ್ಷರ ಸವೆದು ಮಂಕಾಗಿದ್ದರೆ ಬೆಣೆಯ ಅಕ್ಷರ ಚೂಪಾಗಿರುತ್ತದೆ. ಸಾಲು ಕೂದಲೆಳೆಯಷ್ಟು ಓರೆಯಾಗಿರುತ್ತದೆ, ಕೈಬರಹದ ಓಟ ಬೇರೆ ಇರುತ್ತದೆ. ಹೆಚ್ಚು ಕಾಣುವುದು ಅಂಗಡಿ ಹೆಸರಿನ ಜಾಗದಲ್ಲಿ. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಹಾಕದೆ ಬಿಟ್ಟರೆ ಅಲ್ಲೊಂದು ಅನುಮಾನಾಸ್ಪದ ಖಾಲಿ ಜಾಗ ಉಳಿಯುತ್ತದೆ. ಎಡೋ ನಗರಕ್ಕೆ ಟೋಕಿಯೋ ಎಂದು ಹೆಸರಾದದ್ದು 1868ರಲ್ಲಿ. ಬೆಣೆಯಲ್ಲಿ ಆ ಹೆಸರಿದ್ದರೆ ಮೇಲಿನ ಇಸವಿ ಏನೇ ಹೇಳಲಿ, ಪ್ರತಿ ಅದಕ್ಕಿಂತ ಹಿಂದಿನದಲ್ಲ.

ಬಿರುಕು ಕಾಲಕ್ರಮ ಹೇಳುತ್ತದೆ. ಮರ ನಾರಿನ ದಿಕ್ಕಿಗೆ ಸೀಳುತ್ತದೆ, ಅಚ್ಚಿನಲ್ಲಿ ಅದು ಅಕ್ಷರಗಳ ನಡುವೆ ಹಾಯುವ ಬಿಳಿ ಗೆರೆ. ಚೌಕಟ್ಟಿನ ಗೆರೆಯಲ್ಲಿನ ಮುರುಕುಗಳೂ ಅಷ್ಟೇ ಒಳ್ಳೆಯ ಸಾಕ್ಷಿ. ಒಂದು ಪ್ರತಿಯಲ್ಲಿ ಬಿರುಕು 2 ಸೆಂ.ಮೀ., ಇನ್ನೊಂದರಲ್ಲಿ ಅದೇ ಜಾಗದಲ್ಲಿ 5 ಸೆಂ.ಮೀ. ಇದ್ದರೆ ಹಲಗೆ ಒಂದೇ, ಎರಡನೆಯದು ನಂತರದ ಪ್ರತಿ. ಬಿರುಕು ತಾನಾಗಿ ಕೂಡಿಕೊಳ್ಳುವುದಿಲ್ಲ. ಮಸಿ ಮಂಕಾಗಿರುವುದನ್ನು ಮಾತ್ರ ನಂಬಬೇಡಿ. ಮುದ್ರಕನ ಕೈ ಒತ್ತಡ, ಕಾಗದದ ತೇವ ಬೇರೆಯಾದರೂ ಹಾಗೆ ಕಾಣುತ್ತದೆ.

ಎಲ್ಲ ಅಕ್ಷರವೂ ಒಂದೇ ಥರ, ಆದರೆ ಬಿರುಕು ಒಂದೂ ಹೊಂದುವುದಿಲ್ಲ ಎಂದಾದರೆ ‘ಕಾಬುಸೆಬೊರಿ’ ಇರಬಹುದು. ಹಳೆಯ ಅಚ್ಚಿನ ಹಾಳೆಗಳನ್ನೇ ಹೊಸ ಹಲಗೆಗೆ ಮಗುಚಿ ಅಂಟಿಸಿ ಅದರ ಮೇಲೇ ಕೆತ್ತುವ ವಿಧಾನ ಇದು. ಮೂಲ ಹಲಗೆ ಬೆಂಕಿಗೆ ಹೋದಾಗ ಮಾಡುತ್ತಿದ್ದರು, ಕಳ್ಳಮುದ್ರಣಕ್ಕೂ ಮಾಡುತ್ತಿದ್ದರು. ತೇವ ಕಾಗದ ಒಣಗಿ ಕುಗ್ಗುವುದರಿಂದ ಹೊಸ ಚೌಕಟ್ಟು ಹಳೆಯದಕ್ಕಿಂತ ಕೆಲವು ಮಿಲಿಮೀಟರ್ ಚಿಕ್ಕದಾಗುತ್ತದೆ. ನೀವು ಮೊದಲೇ ಅಳೆದಿಟ್ಟ ಅಂಕಿ ಇಲ್ಲಿ ಬೇಕು. ಒಂದೇ ಮಿಲಿಮೀಟರ್ ವ್ಯತ್ಯಾಸ ಕಂಡು ತೀರ್ಮಾನಕ್ಕೆ ಬರಬೇಡಿ, ಹಲಗೆಯೂ ವಯಸ್ಸಾದಂತೆ ಕುಗ್ಗುತ್ತದೆ. ಜೊತೆಗೆ ಸಣ್ಣಕ್ಷರಗಳ ಕೊನೆಗಳನ್ನು ನೋಡಿ: ಹೀಗೆ ಹಳೆಯ ಹಾಳೆಯ ಮೇಲೆ ಕೆತ್ತಿದ್ದರಲ್ಲಿ ತೆಳು ಗೆರೆ ದಪ್ಪವಾಗಿ, ಬಿಡಿ ಚುಕ್ಕೆ ಅಂಟಿಕೊಂಡು, ತಿರುವು ಮೊಂಡಾಗಿರುತ್ತದೆ.

ಬೆಂಕಿಯ ಇಸವಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ: ಎಡೋ 1657, 1772, 1806, ಒಸಾಕಾ 1724, 1837, ಕ್ಯೋಟೊ 1788. ಕ್ಯೋಟೊದ ಆ ಬೆಂಕಿ ಅಲ್ಲಿನ ಪ್ರಕಾಶಕರ ಉಗ್ರಾಣಗಳನ್ನು ಬಡಿದು ಹಾಕಿತು. ಹಳೆಯ ಕ್ಯೋಟೊ ಪುಸ್ತಕ 1788ರ ಬಳಿಕ ಬೇರೆ ಊರಿನವನ ಹೆಸರಲ್ಲಿ, ಹೊಸ ಕೆತ್ತನೆಯಲ್ಲಿ ಕಂಡರೆ ಈ ಕಾರಣವನ್ನು ಮೊದಲು ಯೋಚಿಸಿ.

ಮಾರಿದವನ ಮತ್ತು ಬಾಡಿಗೆಗೆ ಕೊಟ್ಟವನ ಗುರುತು

ಪುಸ್ತಕ ಅಚ್ಚಾದ ಊರು ಒಂದು, ಓದಿಸಿಕೊಂಡ ಊರು ಇನ್ನೊಂದು. ಕೊನೆಯ ಹಾಳೆಯಲ್ಲಿ ಹೊಲಿಗೆಯ ಹತ್ತಿರ ಚಿಕ್ಕ ಕಪ್ಪು ಠಸ್ಸೆ ಇದ್ದರೆ ಅದು ಅಂಗಡಿಯ ದಾಸ್ತಾನಿನ ಗುರುತು. ಪ್ರತಿ ಸಂಪುಟದ ಮೊದಲ ಪುಟದಲ್ಲೇ ದೊಡ್ಡ ಚೌಕದ ಕಪ್ಪು ಠಸ್ಸೆ, ಅದರಲ್ಲಿ ಊರು ಮತ್ತು ಅಂಗಡಿಯ ಹೆಸರು ಇದ್ದರೆ ಬಾಡಿಗೆ ಪುಸ್ತಕದಂಗಡಿ, ‘ಕಾಶಿಹೊನ್‌ಯಾ’. ಸಂಗ್ರಾಹಕರ ಮುದ್ರೆ ಸಾಮಾನ್ಯವಾಗಿ ಕೆಂಪು. 1808ರಲ್ಲಿ ಎಡೋ ಒಂದರಲ್ಲೇ ಇಂಥ 656 ಅಂಗಡಿಗಳ ಲೆಕ್ಕ ಸಿಗುತ್ತದೆ. ನಗೋಯಾದ ದಾಯ್‌ಸೋ 18ನೇ ಶತಮಾನದಿಂದ ಮೇಜಿ ಕಾಲದವರೆಗೆ ನಡೆಯಿತು. ಮುಚ್ಚಿದಾಗ ಅದರ ಪುಸ್ತಕಗಳ ದೊಡ್ಡ ಭಾಗ ಟೋಕಿಯೋ, ಕ್ಯೋಟೊಗಳ ಗ್ರಂಥಾಲಯಗಳನ್ನು ಸೇರಿತು.

ಪುಟದ ಕೆಳಮೂಲೆ ಬೆರಳಿನ ಜಿಡ್ಡಿಗೆ ಕಪ್ಪಾಗಿದ್ದರೆ, ಅಂಚಿನಲ್ಲಿ ಓದುಗರ ಗೀಚು ಇದ್ದರೆ ಅದನ್ನು ಕೊಳೆ ಎಂದು ಒರೆಸಬೇಡಿ. ಹಳ್ಳಿಯ ಓದುಗರು ಬಿಟ್ಟುಹೋದ ಏಕೈಕ ದಾಖಲೆ ಎಷ್ಟೋ ಸಲ ಅದೇ.

ಎಡವುವ ಜಾಗ

ಬಿಡಿ ಸಂಪುಟಗಳನ್ನು ಸೇರಿಸಿ ಒಂದು ಸೆಟ್ ಮಾಡಿ ಮಾರುವುದು ಹಿಂದೆಯೂ ಇತ್ತು, ಈಗಲೂ ಇದೆ. ಐದನೆಯ ಸಂಪುಟದ ಒಕುಜುಕೆ ಮೊದಲನೆಯದಕ್ಕೆ ಅನ್ವಯಿಸಬೇಕೆಂದಿಲ್ಲ. ಪ್ರತಿ ಸಂಪುಟದ ರಟ್ಟಿನ ಬಣ್ಣ, ಎತ್ತರ, ಠಸ್ಸೆ, ಹುಳು ಕೊರೆದ ದಾರಿ ನೋಡಿ. ಜೊತೆಗೇ ಇದ್ದ ಸಂಪುಟಗಳಲ್ಲಿ ಹುಳುವಿನ ತೂತು ಒಂದರಿಂದ ಇನ್ನೊಂದಕ್ಕೆ ನೇರ ದಾಟಿರುತ್ತದೆ.

ಕೊನೆಯಲ್ಲಿ ಕಟ್ಟಿದ ಪುಸ್ತಕಪಟ್ಟಿಯಿಂದ ಕಾಲ ನಿರ್ಧರಿಸುವಾಗ ಅದು ಅದೇ ಕಾಗದವೇ, ಅದೇ ಹೊಲಿಗೆಯ ತೂತೇ ನೋಡಿ. ಹೊಲಿಗೆಯ ದಾರ ಹೊಸದಾಗಿದ್ದು ಹಳೆಯ ತೂತುಗಳು ಖಾಲಿ ಕಂಡರೆ ಪುಸ್ತಕವನ್ನು ಬಿಚ್ಚಿ ಮತ್ತೆ ಕಟ್ಟಿದ್ದಾರೆ.

ಅಕ್ಷರಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಚೌಕಟ್ಟಿನ ಮೂಲೆಗಳಲ್ಲಿ ಸಂದಿ ಇದೆ, ಪಕ್ಕಪಕ್ಕದ ಅಕ್ಷರಗಳಲ್ಲಿ ಒಂದು ಗಾಢ ಒಂದು ತೆಳು ಎಂದಾದರೆ ಅದು ಮರದ ಬಿಡಿ ಮೊಳೆಯ ಮುದ್ರಣ. ಎಡೋ ಕಾಲದ ಕೊನೆಯಲ್ಲಿ ಊರೂರಿನ ವಿದ್ವಾಂಸರು ನೂರರೊಳಗಿನ ಪ್ರತಿಗಳಿಗೆ ಇದನ್ನು ಬಳಸಿದರು. ಈ ಪುಸ್ತಕಕ್ಕೆ ಹಲಗೆಯೇ ಇಲ್ಲ, ಮೇಲೆ ಹೇಳಿದ ಬಿರುಕಿನ ತರ್ಕ ನಡೆಯುವುದಿಲ್ಲ.

ದಾಖಲೆ ಬರೆಯುವುದು

ಎರಡು ಸಾಲು ಸಾಕು, ಆದರೆ ಎರಡೂ ಬೇರೆ ಇರಬೇಕು. ಹಲಗೆಯ ಸಾಲಿನಲ್ಲಿ ಇಸವಿ, ಊರು, ಮುಖ್ಯ ಪ್ರಕಾಶಕ, ಪಾಲುದಾರರು. ಪ್ರತಿಯ ಸಾಲಿನಲ್ಲಿ ಇಸವಿಯ ಅಂದಾಜು, ಅದಕ್ಕೆ ಆಧಾರ, ಅಂಗಡಿಗಳ ಪೂರ್ಣ ಪಟ್ಟಿ ಇರುವ ಕ್ರಮದಲ್ಲೇ, ಠಸ್ಸೆಗಳು. ಹೊಕುಸಾಯ್ ಮಾಂಗಾದ ಮೊದಲ ಸಂಪುಟದ ತಡವಾದ ಪ್ರತಿಯೊಂದು ಸಿಕ್ಕಿದರೆ ಹೀಗೆ ಬರುತ್ತದೆ:

ಹಲಗೆ: ಬುಂಕಾ 11 (1814), ನಗೋಯಾ, ಎಯ್‌ರಾಕುಯಾ ತೋಶಿರೋ, ಎಡೋದ ಪಾಲುದಾರನೊಂದಿಗೆ.
ಪ್ರತಿ: 1870 ಅಥವಾ ನಂತರ, ಒಕುಜುಕೆಯಲ್ಲಿ ಕಾತಾನೊ ಎಂಬ ಮನೆತನದ ಹೆಸರು. ಚೌಕಟ್ಟಿನ ಅಳತೆ, ಬಿರುಕು ಇರುವ ಚೋ ಸಂಖ್ಯೆಗಳು, ಬಾಡಿಗೆ ಅಂಗಡಿಯ ಠಸ್ಸೆ ಇದ್ದರೆ ಅದರ ಊರು.

ಓದಲಾಗದ ಅಕ್ಷರಕ್ಕೆ ಚೌಕ ಹಾಕಿ ಬಿಡಿ, ಊಹಿಸಿ ತುಂಬಬೇಡಿ. ಒಕುಜುಕೆ, ಮೊದಲ ರಟ್ಟಿನ ಒಳಬದಿ, ಮೂಲಪಾಠದ ಮೊದಲ ಪುಟ, ಠಸ್ಸೆಗಳು, ಈ ನಾಲ್ಕರ ಫೋಟೊವನ್ನು ಅಳತೆಪಟ್ಟಿ ಸಮೇತ ತೆಗೆದು ದಾಖಲೆಯ ಜೊತೆಗೇ ಇಡಿ.